ಮನೆಯಲ್ಲೇ ಶುಂಠಿ ಸೋಡಾ: ನಮ್ಮ ಕಾಸರಗೋಡಿನ ಸೆಕೆಗೆ ಹೊಂದುವ ಕ್ರಮ

ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಪರಿಚಯದವರು ಶುಂಠಿ ಸೋಡಾ, ಅಂದರೆ ಶುಂಠಿ-ಸಕ್ಕರೆ ನೀರನ್ನು ಹುಳಿ ಬರಿಸಿ ತಾನಾಗಿ ಗ್ಯಾಸ್ ಏಳಿಸುವ ಪಾನೀಯ, ಮಾಡಲು ಹೊರಟು ನನಗೆ ಫೋನ್ ಮಾಡುವುದು ಎರಡೇ ಕಾರಣಕ್ಕೆ. "ಗ್ಯಾಸೇ ಬರಲಿಲ್ಲ" ಅನ್ನುವವರು ಕೆಲವರು. "ಬಾಟಲಿ ಒಡೆಯಿತು" ಅನ್ನುವವರು ಉಳಿದವರು. ಗ್ಯಾಸ್ ಬಾರದವರ ತಪ್ಪು ಬೇರೆ, ಅದನ್ನು ಹಂತ 3ರಲ್ಲಿ ಹೇಳುತ್ತೇನೆ. ಬಾಟಲಿ ಒಡೆದವರನ್ನು ವಿಚಾರಿಸಿದರೆ ತಪ್ಪು ಒಂದೇ ಕಡೆ ಸಿಗುತ್ತದೆ. ಹೊರದೇಶದವರ ವಿಡಿಯೋ ನೋಡಿ, ಅದರಲ್ಲಿ ಹೇಳಿದ ದಿನದ ಲೆಕ್ಕವನ್ನು ಹಾಗೇ ಹಿಡಿದಿರುತ್ತಾರೆ. ಅವರ ಅಡುಗೆಮನೆ 20 ಡಿಗ್ರಿ ಆಸುಪಾಸು. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 32 ದಾಟುತ್ತದೆ. ಅಲ್ಲಿ ವಾರ ಹಿಡಿಯುವ ಕೆಲಸ ಇಲ್ಲಿ ಎರಡು ದಿನದಲ್ಲಿ ಮುಗಿಯುತ್ತದೆ.

ಹಾಗಾಗಿ ಇಲ್ಲಿ ದಿನ ಎಣಿಸಬೇಡಿ. ಬಾಟಲಿಯನ್ನು ಕೈಯಲ್ಲಿ ಹಿಡಿದು, ಒತ್ತಿ ನೋಡಲು ಕಲಿಯಿರಿ. ಕೆಳಗಿನ ಕ್ರಮವನ್ನೆಲ್ಲ ಅದನ್ನೇ ಮನಸ್ಸಲ್ಲಿಟ್ಟು ಬರೆದಿದ್ದೇನೆ.

ಬಿಯರ್ ಕಿಟ್ ಬಗ್ಗೆ ಕೇಳುವವರಿಗೆ

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ನಮ್ಮೂರ ಹುಡುಗರು ಕಿಟ್ ತಂದು ಮನೆಯಲ್ಲೇ ಬಿಯರ್ ಮಾಡುತ್ತಾರೆ. ಅಲ್ಲಿ ಅದಕ್ಕೆ ಅಡ್ಡಿ ಇಲ್ಲ. ಊರಿಗೆ ಬಂದಾಗ "ಇಲ್ಲೂ ಮಾಡೋಣವಾ?" ಅಂತ ಕೇಳುತ್ತಾರೆ. ಬೇಡ. ಕೇರಳದ ಅಬ್ಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯವರಿಗಷ್ಟೇ ಮಾಡಿದ್ದು ಅಂತ ಹೇಳಿ ಪಾರಾಗಬಹುದು ಅಂದುಕೊಳ್ಳಬೇಡಿ.

ಆದರೆ ಬಿಯರ್ ಕಿಟ್‌ಗೂ ಶುಂಠಿ ಸೋಡಾಕ್ಕೂ ಇರುವ ಒಂದು ವ್ಯತ್ಯಾಸ ತಿಳಿದಿರಲೇಬೇಕು. ಬಾಟಲಿ ಒಡೆಯುವುದಕ್ಕೆ ಮೂಲ ಅದೇ.

ಸಾಮಾನ್ಯ ಕಿಟ್‌ನಲ್ಲಿ 1.7 ಕೆಜಿ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ಸಿಹಿ ಪಾಕ) ಡಬ್ಬ ಇರುತ್ತದೆ, ಜೊತೆಗೆ ಯೀಸ್ಟಿನ (ಸಕ್ಕರೆ ತಿಂದು ಹುಳಿ ಬರಿಸುವ ಸೂಕ್ಷ್ಮಜೀವಿ) ಒಂದು ಪೊಟ್ಟಣ. ಅದನ್ನು ಸುಮಾರು 23 ಲೀಟರ್ ನೀರಿಗೆ ಹಾಕುತ್ತಾರೆ. ಯೀಸ್ಟ್ ತಿನ್ನಬಹುದಾದ ಸಕ್ಕರೆಯನ್ನೆಲ್ಲ ತಿಂದು ಮುಗಿಸುವವರೆಗೆ ಕಾಯುತ್ತಾರೆ. ಮುಗಿಯಿತೋ ಇಲ್ಲವೋ ಅಂತ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ, ಉಳಿದ ಸಕ್ಕರೆಯ ಅಂದಾಜು ತಿಳಿಯುವ ಕೊಳವೆ) ಇಟ್ಟು ನೋಡುತ್ತಾರೆ. ಎರಡು ಮೂರು ದಿನ ಒಂದೇ ಅಂಕಿ ಬಂದ ಮೇಲೆ ಬಾಟಲಿಗೆ ತುಂಬುತ್ತಾರೆ. ಗ್ಯಾಸಿಗೆ ಬೇಕಾದ ಸಕ್ಕರೆಯನ್ನು ಅಳೆದು ಹಾಕುವುದು ಆಗ, ಲೀಟರಿಗೆ 6ರಿಂದ 8 ಗ್ರಾಂ ಅಷ್ಟೇ. ಬಾಟಲಿ ಒಳಗೆ ಅದಕ್ಕಿಂತ ಜಾಸ್ತಿ ಸಕ್ಕರೆ ಇಲ್ಲದ ಕಾರಣ ಗ್ಯಾಸ್ ಹೆಚ್ಚಾಗಿ ಬಾಟಲಿ ಒಡೆಯುವ ಭಯ ಕಡಿಮೆ. ಗಾಜಿನ ಬಾಟಲಿ ಅವರಿಗೆ ನಡೆಯುವುದೂ ಅದಕ್ಕೇ.

ನಮ್ಮದು ಸಿಹಿ ಪಾನೀಯ. ಲೀಟರಿಗೆ 80 ಗ್ರಾಂ ಸಕ್ಕರೆ ಇರುವಾಗಲೇ ಬಾಟಲಿಗೆ ತುಂಬುತ್ತೇವೆ. ಯೀಸ್ಟ್ ತಿಂದ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಗ್ಯಾಸ್ ಆಗುತ್ತದೆ, ಇನ್ನರ್ಧ ಆಲ್ಕೋಹಾಲ್. ಕುಡಿಯಲು ಹಿತವಾದ ಗ್ಯಾಸ್ ಬರಲು 8ರಿಂದ 10 ಗ್ರಾಂ ಸಕ್ಕರೆ ಖರ್ಚಾದರೆ ಸಾಕು. ಉಳಿದ 70 ಗ್ರಾಂ ಬಾಟಲಿ ಒಳಗೇ ಇದೆ. ಹೊರಗೆ ಬಿಟ್ಟರೆ ಯೀಸ್ಟ್ ಅದನ್ನೂ ತಿನ್ನುತ್ತಾ ಹೋಗುತ್ತದೆ. ತಡೆಯುವುದು ನೀವು, ಫ್ರಿಜ್ಜಿಗೆ ಇಟ್ಟು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಸರಿಯಾದ ಹೊತ್ತಿಗೆ ಫ್ರಿಜ್ಜಿಗೆ ಹೋದ ಸೋಡಾದಲ್ಲೂ ಶೇಕಡಾ ಅರ್ಧದ ಆಸುಪಾಸು ಆಲ್ಕೋಹಾಲ್ ಇರಬಹುದು. ತಡ ಮಾಡಿದಷ್ಟೂ ಏರುತ್ತದೆ. ಧರ್ಮದ ಕಾರಣಕ್ಕೆ, ಔಷಧಿಯ ಕಾರಣಕ್ಕೆ ಆಲ್ಕೋಹಾಲ್ ಮುಟ್ಟದವರು, ಗರ್ಭಿಣಿಯರು, ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇದು ಬೇಡ. ಅವರಿಗೆ ಹುಳಿ ಬರಿಸದ ಶುಂಠಿ-ಲಿಂಬೆ ಪಾನಕ ಮಾಡಿಕೊಡಿ. ನೆಂಟರು ಬಂದಾಗ ಗ್ಲಾಸ್ ಕೈಗೆ ಕೊಡುವ ಮೊದಲೇ ಹೇಳಿಬಿಡಿ.

ಬೇಕಾದ ಸಾಮಾನು

2 ಲೀಟರ್ ಸೋಡಾಕ್ಕೆ: ಶುಂಠಿ 200 ಗ್ರಾಂ (ಅರ್ಧ ಹೆಪ್ಪಿಗೆ, ಅರ್ಧ ಕಷಾಯಕ್ಕೆ), ಸಕ್ಕರೆ ಕಾಲು ಕೆಜಿ, ಎರಡು ಲಿಂಬೆಹಣ್ಣು. ಅರ್ಧ ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಭರಣಿ. ಸ್ಟೀಲ್ ಪಾತ್ರೆ, ಚಹಾ ಸೋಸುವ ಜರಡಿ, ಆಲಿಕೆ, ಭರಣಿ ಬಾಯಿಗೆ ಕಟ್ಟಲು ತೆಳು ಬಟ್ಟೆ.

ಬಾಟಲಿ ವಿಷಯದಲ್ಲಿ ಮಾತ್ರ ಹಟ ಮಾಡಿ. ಗ್ಯಾಸ್ ಇರುವ ತಂಪು ಪಾನೀಯ ಬಂದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ಬಾಟಲಿ ತೆಳು, ಅದಕ್ಕೆ ತಾಳುವುದಿಲ್ಲ. ಗಾಜು ಬೇಡವೇ ಬೇಡ. ಶೋಕೇಸಿಗೆ ಚಂದ ಕಾಣುವ, ತಂತಿಯ ಕ್ಲಿಪ್ ಇರುವ ಚೌಕ ಬಾಟಲಿಯಂತೂ ಬೇಡ.

ಗಾಜು ಬೇಡ ಅಂತ ನಾನು ಕಲಿತದ್ದು ಒಂದು ಏಪ್ರಿಲ್ ತಿಂಗಳಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಮೂರು ಗಾಜಿನ ಕುಪ್ಪಿ ತುಂಬಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೆ. ಎರಡನೆಯ ದಿನ ಬೆಳಗಿನ ಜಾವ ಒಂದು ಒಡೆಯಿತು. ಅದರ ಏಟಿಗೆ ಪಕ್ಕದ ಎರಡೂ ಹೋದವು. ಒಂದು ಚೂರು ಎದುರಿನ ಮರದ ಬಾಗಿಲಿಗೆ ನೆಟ್ಟುಕೊಂಡಿತ್ತು, ಸರಿಯಾಗಿ ಮನುಷ್ಯರ ಎದೆಯ ಎತ್ತರಕ್ಕೆ. ಅರ್ಧ ಗಂಟೆ ಕಳೆದಿದ್ದರೆ ದೊಡ್ಡಮ್ಮ ಕಾಫಿಗೆ ನೀರಿಡಲು ಅಲ್ಲೇ ನಿಲ್ಲುತ್ತಿದ್ದರು. ಅದಕ್ಕೇ ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ಲಾಸ್ಟಿಕ್ ಬಾಟಲಿಯ ಇನ್ನೊಂದು ಉಪಕಾರ ಏನೆಂದರೆ ಅದನ್ನು ಒತ್ತಿ ನೋಡಬಹುದು. ಒಳಗೆ ಏನಾಗುತ್ತಿದೆ ಅಂತ ಗಾಜು ಹೇಳುವುದಿಲ್ಲ.

ಹಂತ 1: ನೀರು ಮತ್ತು ಪಾತ್ರೆ

ಬಾವಿಯ ನೀರಿರಲಿ, ಗುಡ್ಡ ಕೊರೆದು ತೆಗೆದ ಸುರಂಗದ ನೀರಿರಲಿ, ಕುದಿಸಿ ಆರಿಸಿ ಬಳಸಿ. ಸುರಂಗದ ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರಬಹುದು. ನಳ್ಳಿ ನೀರಾದರೆ ಕ್ಲೋರಿನ್ ಯೀಸ್ಟಿಗೆ ಆಗುವುದಿಲ್ಲ. ಅದೂ ಕುದಿಸಿದರೆ ಹೋಗುತ್ತದೆ.

ಭರಣಿ, ಚಮಚ, ಜರಡಿಯನ್ನು ಸೋಪು ಹಾಕಿ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವವರೆಗೆ ಜಾಲಿಸಿ, ಮೇಲಿಂದ ಕುದಿಯುವ ನೀರು ಹಾಕಿ. ಗಾಜಿಗೆ ಮೊದಲು ಬೆಚ್ಚಗಿನ ನೀರು, ಆಮೇಲೆ ಬಿಸಿ. ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಕುದಿಯುವ ನೀರು ಹಾಕಬೇಡಿ, ಮುದುಡಿ ಹೋಗುತ್ತದೆ. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರಿನಲ್ಲಿ ಎರಡು ಸಲ ಕುಲುಕಿ ಚೆಲ್ಲಿ. ಬ್ರಶ್ ಹಾಕಿ ಉಜ್ಜಬೇಡಿ. ಗೀರು ಬಿದ್ದ ಜಾಗದಲ್ಲಿ ಕೊಳೆ ಕೂರುತ್ತದೆ, ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಗೀರು ಬಿದ್ದ ಬಾಟಲಿ ಗುಜರಿಗೆ.

ಹಂತ 2: ಹೆಪ್ಪು ಎಬ್ಬಿಸುವುದು

ಹಾಲಿಗೆ ಹೆಪ್ಪು ಹೇಗೋ ಸೋಡಾಕ್ಕೂ ಹಾಗೇ ಒಂದು ಹೆಪ್ಪು ಬೇಕು. ಕಿಟ್‌ನವರಿಗೆ ಯೀಸ್ಟ್ ಪೊಟ್ಟಣದಲ್ಲಿ ಬರುತ್ತದೆ. ನಮಗೆ ಅದು ಶುಂಠಿಯ ಸಿಪ್ಪೆಯ ಮೇಲೇ ಇದೆ. ಅದಕ್ಕೇ ಶುಂಠಿಯ ಸಿಪ್ಪೆ ಹೆರೆಯಬಾರದು. ಮಣ್ಣು ಹೋಗುವಷ್ಟು ತೊಳೆದರೆ ಸಾಕು. ತೋಟದಿಂದ ಕಿತ್ತ ಶುಂಠಿ ಸಿಕ್ಕಿದರೆ ಅದೇ ಒಳ್ಳೆಯದು. ಅಂಗಡಿಯಲ್ಲಿ ಉಜ್ಜಿ ಹೊಳಪು ಬರಿಸಿ ಇಟ್ಟದ್ದರಲ್ಲಿ ಹೆಪ್ಪು ಏಳದೆ ಇರಬಹುದು.

ಮೊದಲ ದಿನ: ಭರಣಿಗೆ 300 ಮಿಲಿ ಆರಿದ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ. ಕಲಕಿ, ಬಾಯಿಗೆ ಬಟ್ಟೆ ಕಟ್ಟಿ. ಮುಚ್ಚಳ ಬಿಗಿ ಮಾಡಬೇಡಿ. ಆಮೇಲೆ ದಿನಾ ಬೆಳಗ್ಗೆ ಇದೇ ಅಳತೆಯ ಶುಂಠಿ ಮತ್ತು ಸಕ್ಕರೆ ಹಾಕಿ ಕಲಕಿ. ಸಂಜೆ ಒಮ್ಮೆ ಸುಮ್ನೆ ಕಲಕಿ.

ಭರಣಿಯನ್ನು ನೀರು ಹಾಕಿದ ಬಟ್ಟಲಿನಲ್ಲಿ ಇಡಿ. ಇಲ್ಲದಿದ್ದರೆ ಬೆಳಗಾಗುವಾಗ ಇರುವೆ ಸಾಲು ಬಂದಿರುತ್ತದೆ.

ಈ ಹಂತದಲ್ಲಿ ಬೆಲ್ಲ ಬೇಡ. ನೀರು ಕಪ್ಪಾಗಿ, ಅಡಿಯಲ್ಲಿ ಗಸಿ ಕೂತು, ಒಳಗೇನಾಗುತ್ತಿದೆ ಅಂತ ಕಾಣುವುದಿಲ್ಲ. ಬೆಲ್ಲದ ರುಚಿ ಬೇಕಿದ್ದರೆ ಕಷಾಯಕ್ಕೆ ಹಾಕಿ.

ಹೆಪ್ಪು ತಯಾರಾದದ್ದು ಹೇಗೆ ತಿಳಿಯುವುದು? ಶುಂಠಿ ತುರಿ ಎಲ್ಲ ಮೇಲೆ ತೇಲುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಚಮಚ ಹಾಕಿ ಕಲಕಿದ ಕೂಡಲೇ ಸುಂಯ್ ಅಂತ ಸದ್ದು ಬಂದು ನೊರೆ ಏಳುತ್ತದೆ, ಸೋಡಾ ಬಾಟಲಿ ತೆರೆದ ಹಾಗೆ. ಕಿವಿ ಹತ್ತಿರ ಹಿಡಿದು ಕೇಳಿ. ವಾಸನೆ ಹುಳಿ ಬಂದ ದೋಸೆ ಹಿಟ್ಟಿನ ಹತ್ತಿರ ಇರುತ್ತದೆ, ಶುಂಠಿಯ ಘಾಟು ಸೇರಿ. ಬೇಸಿಗೆಯಲ್ಲಿ ನಮ್ಮಲ್ಲಿ ಎರಡು ಮೂರು ದಿನಕ್ಕೆ ಹೀಗಾಗುತ್ತದೆ. ಡಿಸೆಂಬರ್-ಜನವರಿಯ ಚಳಿಗೆ ನಾಲ್ಕೈದು ದಿನ. ಐದು ದಿನವಾದರೂ ಒಂದು ಗುಳ್ಳೆಯೂ ಇಲ್ಲದಿದ್ದರೆ ಬೇರೆ ಶುಂಠಿ ತಂದು ಹೊಸದಾಗಿ ಶುರು ಮಾಡಿ. ಸಕ್ಕರೆ ಜಾಸ್ತಿ ಹಾಕಿದರೆ ಏಳುತ್ತದೆ ಅನ್ನುವುದು ತಪ್ಪು ತಿಳುವಳಿಕೆ.

ಎಸೆಯಬೇಕಾದ ಲಕ್ಷಣ: ಮೇಲೆ ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ, ರೋಮ ರೋಮದ ಹಾಗಿರುವ ಬೂಸ್ಟು. ಬಂದರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಆಸೆ ಬೇಡ. ಎಲ್ಲ ಚೆಲ್ಲಿ, ಭರಣಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ತೆಳ್ಳಗೆ, ಸುಕ್ಕು ಸುಕ್ಕಾಗಿ ಬಿಳಿ ಪೊರೆ ಬಂದರೆ ಅಷ್ಟು ಗಾಬರಿ ಇಲ್ಲ. ಅದನ್ನು ಚಮಚದಲ್ಲಿ ತೆಗೆದು ದಿನಕ್ಕೆರಡು ಸಲ ಕಲಕಿ. ಮಳೆಗಾಲದ ತೇವಕ್ಕೆ ಇದು ಜಾಸ್ತಿ. ಯಾವುದು ಅಂತ ಗೊತ್ತಾಗದಿದ್ದರೆ ಚೆಲ್ಲಿಬಿಡಿ. ಹೋಗುವುದು ಒಂದು ತುಂಡು ಶುಂಠಿ, ಅಷ್ಟೇ ಅಲ್ವಾ?

ಹಂತ 3: ಕಷಾಯ, ಮತ್ತು ಕಾಯುವುದು

ಒಂದು ಲೀಟರ್ ನೀರಿಗೆ ಜಜ್ಜಿದ ಶುಂಠಿ 100 ಗ್ರಾಂ, ಸಕ್ಕರೆ 160 ಗ್ರಾಂ ಹಾಕಿ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಇಳಿಸಿ ಸೋಸಿ. ಇದಕ್ಕೆ ಮೊದಲೇ ಕುದಿಸಿ ಆರಿಸಿಟ್ಟ ನೀರು ಸೇರಿಸಿ, ಒಟ್ಟು ಸುಮಾರು 2 ಲೀಟರ್ ಆಗುವಷ್ಟು. ಬೆಲ್ಲ ಹಾಕುವುದಾದರೆ ಸಕ್ಕರೆಯ ಅರ್ಧ ಪಾಲು ಬದಲಿಸಿ, ಕರಗಿಸಿ ಬಟ್ಟೆಯಲ್ಲಿ ಸೋಸಿ.

"ಗ್ಯಾಸೇ ಬರಲಿಲ್ಲ" ಅನ್ನುವವರು ಹೆಚ್ಚಾಗಿ ಸೋಲುವುದು ಇಲ್ಲಿ. ಪಾತ್ರೆ ಬಿಸಿ ಇರುವಾಗಲೇ ಹೆಪ್ಪು ಸುರಿಯುತ್ತಾರೆ. 50 ಡಿಗ್ರಿ ದಾಟಿದ ನೀರಿನಲ್ಲಿ ಯೀಸ್ಟ್ ಉಳಿಯುವುದಿಲ್ಲ, 40ರಲ್ಲೇ ಅದಕ್ಕೆ ತ್ರಾಸ. ನಮ್ಮ ಸೆಕೆಗೆ ಎರಡು ಲೀಟರ್ ಕಷಾಯ ತಾನಾಗಿ ಆರಲು ಗಂಟೆಗಟ್ಟಲೆ ಬೇಕು. ಪಾತ್ರೆಯನ್ನು ಬಾವಿನೀರು ತುಂಬಿದ ಬಕೆಟಿನಲ್ಲಿ ಇಟ್ಟು ಮುಚ್ಚಿ, ನೀರು ಎರಡು ಸಲ ಬದಲಿಸಿ. ಮುಂಗೈ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ. ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ಪಾತ್ರೆಯ ಹೊರಗೆ ಮುಟ್ಟಿ ತಣ್ಣಗಿದೆ ಅಂತ ನಂಬಬೇಡಿ. ಹೊರಗೆ ಆರಿದ್ದರೂ ನಡುವೆ ಬಿಸಿ ಇರುತ್ತದೆ. ಕಲಕಿ ಆಮೇಲೆ ಹನಿ ತೆಗೆಯಿರಿ.

ಆರಿದ ಮೇಲೆ ಲಿಂಬೆರಸ ಹಿಂಡಿ. ಹುಳಿ ಇದ್ದರೆ ಕೆಟ್ಟ ಜೀವಿಗಳು ಬೆಳೆಯುವುದು ಕಷ್ಟ, ಹಾಗಾಗಿ ಇದನ್ನು ಬಿಡಬೇಡಿ. ಲಿಂಬೆ ಬದಲು ನೆನೆಸಿದ ಪುನರ್ಪುಳಿಯ (ಕೋಕಂ) ರಸವೂ ಆಗುತ್ತದೆ, ಬಣ್ಣವೂ ಚಂದ. ಕೊನೆಗೆ ಸೋಸಿದ ಹೆಪ್ಪಿನ ನೀರು ಲೀಟರಿಗೆ 100 ಮಿಲಿಯಂತೆ 200 ಮಿಲಿ ಸೇರಿಸಿ, ಮೆಲ್ಲನೆ ಕಲಕಿ. ಸೋಸಿ ಉಳಿದ ಶುಂಠಿಯನ್ನು ಭರಣಿಗೇ ಹಾಕಿ.

ಹಂತ 4: ತುಂಬುವುದು

ಬಾಟಲಿಯ ಕತ್ತಿನವರೆಗೆ ತುಂಬಬೇಡಿ. ಮೇಲೆ ಮೂರು ನಾಲ್ಕು ಬೆರಳು ಜಾಗ ಬಿಡಿ. ಮುಚ್ಚಳ ಬಿಗಿಯಾಗಿ ತಿರುಗಿಸಿ. ಸಡಿಲ ಇದ್ದರೆ ಗ್ಯಾಸ್ ಹೋಗಿ ಪಾನಕ ಆಗಿಬಿಡುತ್ತದೆ. ಮುಚ್ಚಳದ ಒಳಗಿನ ಅಂಚು ಹರಿದಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ತಾರೀಕು ಮತ್ತು ಹೊತ್ತು ಎರಡನ್ನೂ ಬಾಟಲಿ ಮೇಲೆ ಬರೆಯಿರಿ. ನಮ್ಮ ಸೆಕೆಗೆ ಬರೀ ತಾರೀಕು ಸಾಲುವುದಿಲ್ಲ. ಬಾಟಲಿಗಳನ್ನು ಮುಚ್ಚಳವಿರುವ ಬಕೆಟಿನಲ್ಲಿಟ್ಟು, ಒಲೆ ಮತ್ತು ಬಿಸಿಲಿನಿಂದ ದೂರ, ನೆಲದ ಮೇಲೆ ಇಡಿ. ಹಂಚಿನ ಮನೆಯ ಅಟ್ಟ ಮಧ್ಯಾಹ್ನ ಕಾದ ಓಡಿನ ಹಾಗಾಗುತ್ತದೆ. ಅಲ್ಲಿ ಬೇಡ.

ಹಂತ 5: ಒತ್ತಿ ನೋಡುವುದು

ಅಂಗಡಿಯಿಂದ ಒಂದು ಹೊಸ ಸೋಡಾ ಬಾಟಲಿ ತಂದು, ತೆರೆಯದೆ ಪಕ್ಕದಲ್ಲಿಡಿ. ನಿಮಗೆ ಅಳತೆಗೋಲು ಅದೇ. ತುಂಬಿದ ಹೊಸದರಲ್ಲಿ ನಿಮ್ಮ ಬಾಟಲಿಯನ್ನು ಒತ್ತಿದರೆ ಹೆಬ್ಬೆರಳು ಒಳಗೆ ಹೋಗುತ್ತದೆ. ಮತ್ತೆ ಸ್ವಲ್ಪ ತಡೆಯುತ್ತದೆ. ಕೊನೆಗೆ ಅಂಗಡಿಯ ಬಾಟಲಿಯ ಹಾಗೆ ಗಟ್ಟಿ, ಎಷ್ಟು ಒತ್ತಿದರೂ ತಗ್ಗುವುದಿಲ್ಲ. ಆ ಗಳಿಗೆಯಲ್ಲೇ ಫ್ರಿಜ್ಜಿಗೆ ಇಡಬೇಕು. "ನಾಳೆ ಬೆಳಗ್ಗೆ ಇಟ್ಟರಾಯಿತು" ಅಂತ ಮಲಗಬೇಡಿ.

ಏಪ್ರಿಲ್-ಮೇಯಲ್ಲಿ ಒಂದು ದಿನದೊಳಗೇ ಗಟ್ಟಿಯಾಗಬಹುದು. ಆಗ ಆರಾರು ಗಂಟೆಗೊಮ್ಮೆ ನೋಡಿ. ಜುಲೈ ಮಳೆಗೆ ಎರಡು ದಿನ ಬೇಕಾದೀತು. ಎಲ್ಲ ಬಾಟಲಿಯನ್ನೂ ಒತ್ತಿ. ಒಂದೇ ಪಾತ್ರೆಯಿಂದ ತುಂಬಿದರೂ ಎಲ್ಲ ಒಟ್ಟಿಗೇ ಗಟ್ಟಿಯಾಗಬೇಕೆಂದಿಲ್ಲ.

ಸೆಕೆ ಎಷ್ಟು ಬೇಗ ಕೆಲಸ ಮಾಡುತ್ತದೆ ಅಂತ ನಮ್ಮೂರಲ್ಲೇ ನೋಡಬಹುದು. ಇಲ್ಲಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಕಲ್ಪರಸ ಇಳಿಸಲು ಐಸ್ ಇಡುವ ಪೆಟ್ಟಿಗೆಯನ್ನು ರೂಪಿಸಿದೆ. ಮರದ ಮೇಲಿರುವಾಗಲೇ ರಸವನ್ನು ತಣ್ಣಗಿಡದಿದ್ದರೆ ಅದು ಹುಳಿ ಬಂದು ಕಳ್ಳಾಗಲು ಹೊರಡುತ್ತದೆ. ನಿಮ್ಮ ಬಾಟಲಿಯಲ್ಲೂ ನಡೆಯುವುದು ಅದೇ.

ಮುಚ್ಚಳ ಸಡಿಲಿಸಿ ಗ್ಯಾಸ್ ಬಿಟ್ಟರೆ ಸಾಕಲ್ಲವಾ ಅಂತ ಕೇಳುತ್ತಾರೆ. ಗ್ಯಾಸ್ ಹೋಗುತ್ತದೆ, ಸಕ್ಕರೆ ಮತ್ತು ಯೀಸ್ಟ್ ಎರಡೂ ಅಲ್ಲೇ ಇರುತ್ತವೆ. ಕೆಲವೇ ಗಂಟೆಯಲ್ಲಿ ಮತ್ತೆ ಗಟ್ಟಿ, ಮೇಲಿಂದ ಆಲ್ಕೋಹಾಲೂ ಜಾಸ್ತಿ.

ಬುಡ ಉಬ್ಬಿದರೆ

ಬಾಟಲಿಯ ಬುಡ ಹೊರಗೆ ಉಬ್ಬಿ, ನಿಲ್ಲಿಸಿದರೆ ಅಲ್ಲಾಡುತ್ತಿದ್ದರೆ ಅದು ಅಪಾಯದ ಲಕ್ಷಣ. ಅಲ್ಲಾಡಿಸಬೇಡಿ, ಆಗಲೇ ತೆರೆಯಬೇಡಿ. ಮಕ್ಕಳನ್ನು ಆಚೆ ಕಳಿಸಿ. ದಪ್ಪ ಒದ್ದೆ ಬೈರಾಸು ಸುತ್ತಿ, ಮುಖದಿಂದ ದೂರ ಹಿಡಿದು ಫ್ರಿಜ್ಜಿಗೆ ಅಥವಾ ಐಸ್ ಹಾಕಿದ ಬಕೆಟಿಗೆ ಇಳಿಸಿ. ತಣ್ಣಗಾದರೆ ಗ್ಯಾಸ್ ನೀರಿನಲ್ಲಿ ಕರಗಿ ಒತ್ತಡ ಅರ್ಧಕ್ಕಿಂತಲೂ ಇಳಿಯುತ್ತದೆ. ಕೆಲವು ಗಂಟೆ ಕಳೆದ ಮೇಲೆ ಅಂಗಳದಲ್ಲಿ, ಬಟ್ಟೆ ಹಿಡಿದು, ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ ಗ್ಯಾಸ್ ಬಿಡಿ. ಅದನ್ನು ಕುಡಿಯಲು ಇಟ್ಟುಕೊಳ್ಳಬೇಡಿ, ಆಲ್ಕೋಹಾಲ್ ಎಷ್ಟಾಗಿದೆ ಅಂತ ಗೊತ್ತಿರುವುದಿಲ್ಲ. ಬಾಟಲಿಯನ್ನೂ ಮತ್ತೆ ಬಳಸಬೇಡಿ.

ಹಂತ 6: ಫ್ರಿಜ್, ಆಮೇಲೆ ಗ್ಲಾಸ್

ಫ್ರಿಜ್ಜಿನಲ್ಲಿ ಕನಿಷ್ಠ ಒಂದು ರಾತ್ರಿ ಇರಲಿ. ಬೇಗ ತೆರೆದರೆ ಅರ್ಧ ಸೋಡಾ ನೊರೆಯಾಗಿ ನೆಲಕ್ಕೆ. ಅಲ್ಲಾಡಿಸದೆ ತೆಗೆದು, ತೊಟ್ಟಿಯ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿ. ಅಡಿಯ ಬಿಳಿ ಗಸಿ ಯೀಸ್ಟ್. ಕೊನೆಯ ಎರಡು ಬೆರಳು ಬಾಟಲಿಯಲ್ಲೇ ಬಿಡಿ.

ಫ್ರಿಜ್ ಯೀಸ್ಟನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಒಂದು ವಾರದೊಳಗೆ ಕುಡಿದು ಮುಗಿಸಿ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಹೋದರೆ ಬೆಳಗ್ಗೆ ಎದ್ದ ಕೂಡಲೇ ಬಾಟಲಿ ಒತ್ತಿ ನೋಡಿ. ಇದನ್ನು ಮರೆಯುವವರು ತುಂಬಾ ಜನ.

ರುಚಿ, ವಾಸನೆ ಕೈಕೊಟ್ಟರೆ

ಸುರಿಯುವಾಗ ಲೋಳೆಯ ಹಾಗೆ ನೂಲು ಎಳೆದರೆ ಬೇರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ಸೋಡಾ ಮತ್ತು ಹೆಪ್ಪು ಎರಡನ್ನೂ ಚೆಲ್ಲಿ. ವಿನೆಗರ್ ವಾಸನೆ ಬಂದರೆ ಹೆಪ್ಪು ಹಳೆಯದಾಗಿದೆ, ಇಲ್ಲವೇ ದಿನಾ ಸಕ್ಕರೆ ಹಾಕಿಲ್ಲ. ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ ಯೀಸ್ಟಿನಿಂದಲೂ ಬರುತ್ತದೆ, ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಕುಡಿಯಬೇಡಿ. ತೀರಾ ಸಿಹಿ ಅನಿಸಿದರೆ ಮುಂದಿನ ಸಲ ಸಕ್ಕರೆಯನ್ನು 120 ಗ್ರಾಂಗೆ ಇಳಿಸಿ. ಸಿಹಿ ಕಡಿಮೆ ಮಾಡಲೆಂದು ಬಾಟಲಿಯನ್ನು ಹೊರಗೇ ಜಾಸ್ತಿ ಹೊತ್ತು ಬಿಡುವುದು ಬೇಡ.

ಮಾಲ್ಟ್ ಹಾಕುವ ಆಸೆ ಇದ್ದರೆ

ಬೇಕರಿ ಸಾಮಾನು ಮಾರುವಲ್ಲಿ ಬಾರ್ಲಿಯ ಮಾಲ್ಟ್ ಎಕ್ಸ್‌ಟ್ರಾಕ್ಟ್ ಸಿಕ್ಕಿದರೆ 2 ಲೀಟರಿಗೆ 40 ಗ್ರಾಂ ಹಾಕಿ, ಸಕ್ಕರೆಯನ್ನು 30 ಗ್ರಾಂ ಕಡಿಮೆ ಮಾಡಿ. ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ, ಬಾಯಿಗೆ ಒಂದು ದಪ್ಪ ಬರುತ್ತದೆ. ಕಷಾಯ ಕುದಿಯುವಾಗಲೇ ಹಾಕಿ, ಪಾತ್ರೆಯ ಹತ್ತಿರವೇ ನಿಲ್ಲಿ. ಮಾಲ್ಟ್ ಹಾಲಿನ ಹಾಗೆ ಒಮ್ಮೆಲೇ ಉಕ್ಕುತ್ತದೆ. ಹಾಕುವಾಗ ಪಾತ್ರೆಯನ್ನು ಒಮ್ಮೆ ಒಲೆಯಿಂದ ಕೆಳಗಿಳಿಸಿ, ಕರಗಿಸಿ ಮತ್ತೆ ಒಲೆಗೆ ಇಟ್ಟರೆ ಅಡಿ ಹಿಡಿಯುವುದಿಲ್ಲ.

ಮನೆಯಲ್ಲಿರುವ ರಾಗಿ ಮಾಲ್ಟ್ ಪುಡಿ ಇದಕ್ಕೆ ಬದಲಾಗುವುದಿಲ್ಲ. ಹೆಸರು ಒಂದೇ ಆದರೂ ಅದು ಹಿಟ್ಟು. ಕುದಿಸಿದರೆ ಗಂಜಿಯಾಗುತ್ತದೆ. ಹಾಲಿಗೆ ಹಾಕಿ ಕುಡಿಯುವ ಡಬ್ಬದ ಮಾಲ್ಟ್ ಪುಡಿಯಲ್ಲಿ ಹಾಲಿನ ಪುಡಿ ಸೇರಿರುತ್ತದೆ. ಅದೂ ಬೇಡ.

ಹೆಪ್ಪು ಉಳಿಸಿಕೊಳ್ಳುವುದು

200 ಮಿಲಿ ತೆಗೆದ ಮೇಲೆ ಭರಣಿಗೆ ಅಷ್ಟೇ ಆರಿದ ನೀರು ಹಾಕಿ, ಎಂದಿನಂತೆ ಶುಂಠಿ-ಸಕ್ಕರೆ ಕೊಡಿ. ದಿನಾ ಮಾಡುವುದಿಲ್ಲ ಅಂದರೆ ಮುಚ್ಚಳ ಸಡಿಲವಾಗಿಟ್ಟು ಫ್ರಿಜ್ಜಿನಲ್ಲಿಡಿ, ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ. ಮತ್ತೆ ಸೋಡಾ ಮಾಡುವ ಹಿಂದಿನ ದಿನ ಹೊರಗಿಟ್ಟು ಸಕ್ಕರೆ ಹಾಕಿ. ಮರುದಿನ ಕಲಕುವಾಗ ಆ ಸುಂಯ್ ಸದ್ದು ಕೇಳಿದರೆ ಮಾತ್ರ ಕಷಾಯಕ್ಕೆ ನೀರಿಡಿ. ಕೇಳದಿದ್ದರೆ ಇನ್ನೊಂದು ದಿನ ಬಿಡಿ.